ಸಿಯೋಲಿನ ಗುಡ್ಡಕ್ಕೆ ಬರಿಗಾಲಲ್ಲಿ

ಕಳಸಾಪುರದ ಪ್ರಾಥಮಿಕ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಮಕ್ಕಳಿಗೆ "ಕಾಲಾಗ ಚಪ್ಪಲಿ ಹಾಕ್ಕೊಂಡು ಬರ್ರಿ, ಮುಳ್ಳು ಚುಚ್ಚತೈತಿ" ಎಂದು ಗಂಟಲು ಹರಿದುಕೊಂಡವಳು ನಾನು. ಅಂಥವಳು ನಿವೃತ್ತಿಯಾದ ಮೇಲೆ ಮೊದಲ ಸಲ ಪರದೇಶಕ್ಕೆ ಹೋಗಿ, ಕೊರೆಯುವ ಚಳಿಯಲ್ಲಿ, ಬರಿಗಾಲಲ್ಲಿ ಗುಡ್ಡ ಹತ್ತಿ ಬಂದಿದ್ದೇನೆ. ಒಬ್ಬಳೇ ಅಲ್ಲ. ಜೊತೆಗೆ ನಮ್ಮ ವೈನಿ, ಅಂದರೆ ನನ್ನ ಅಣ್ಣನ ಹೆಂಡತಿ ನೀಲವ್ವ. ಇನ್ನೊಬ್ಬಳು ಆ ಊರಿನಲ್ಲೇ ಹುಟ್ಟಿ ಬೆಳೆದ, ನಮ್ಮಿಬ್ಬರಿಗಿಂತ ಹೆಚ್ಚು ಓದಿದ ಹುಡುಗಿ. ಮೂವರೂ ಬರಿಗಾಲು. ಹೇಗಾಯಿತು ಎಂದು ಕೇಳಿದವರಿಗೆಲ್ಲ ಹೇಳಿ ಹೇಳಿ ಸಾಕಾಗಿದೆ. ಒಂದು ಸಲ ಬರೆದೇ ಬಿಡುತ್ತೇನೆ.

ಹೋದದ್ದು ಯಾಕೆ

ನಮ್ಮ ಮನೆ ಬೆಟಗೇರಿಯಲ್ಲಿ. ವೈನಿ ಈಗಲೂ ಕೈಮಗ್ಗದ ಮೇಲೆ ಸೀರೆ ನೇಯುತ್ತಾಳೆ. ನಮ್ಮದು ಕುಣಿ ಮಗ್ಗ. ನೆಲದಲ್ಲಿ ತೋಡಿದ ಕುಣಿಯ ಅಂಚಿಗೆ ಕೂತು, ಕಾಲು ಒಳಗೆ ಇಳಿಬಿಟ್ಟು, ಅಲ್ಲಿರುವ ಎರಡು ಹಲಗೆಗಳನ್ನು ಬರಿಗಾಲಲ್ಲಿ ತುಳಿಯುತ್ತ ನೇಯಬೇಕು. ಹಲಗೆ ತುಳಿದಾಗ ಎಳೆಗಳು ಎರಡು ಪದರಾಗಿ ಬಾಯಿ ಬಿಡುತ್ತವೆ, ಅದರ ನಡುವೆ ಲಾಳಿ ಓಡುತ್ತದೆ. ಅಣ್ಣ ಮಗ್ಗ ಬಿಟ್ಟು ಝೆರಾಕ್ಸ್ ಅಂಗಡಿ ಇಟ್ಟು ಬಹಳ ವರ್ಷವಾಯಿತು. ನಮ್ಮ ಓಣಿಯಲ್ಲಿ ಒಂದೊಂದಾಗಿ ಕುಣಿಗಳು ಮುಚ್ಚಿ, ಮೇಲೆ ಟೈಲ್ಸ್ ಬಂದು, ಟೈಲ್ಸಿನ ಮೇಲೆ ಸೋಫಾ ಬಂದು ಕೂತಿವೆ. ನಮ್ಮ ಮನೆಯದೂ ಹಾಗಾಗಲಿ ಎಂದು ಅಣ್ಣ ಎರಡು ವರ್ಷದಿಂದ ಹಟ ಹಿಡಿದಿದ್ದ.

ಅಷ್ಟರಲ್ಲಿ ಕೊರಿಯಾದ ಸಿಯೋಲ್ ನಗರದ ಒಂದು ವಸ್ತುಸಂಗ್ರಹಾಲಯದಿಂದ ಕರೆ ಬಂತು. ಬೇರೆ ಬೇರೆ ದೇಶದ ನೇಕಾರರು ಎರಡು ವಾರ ಅಲ್ಲಿ ಕೂತು ನೇಯಬೇಕು, ಬಂದ ಜನ ನೋಡಬೇಕು. ಇಂಗ್ಲಿಷ್ ಬಲ್ಲವರೊಬ್ಬರು ಜೊತೆಗೆ ಬರಬಹುದು. ಬಲ್ಲವಳು ಅಂತ ನಾನು ಹೊರಟೆ.

ಹೊರಡುವ ದಿನ ಅಣ್ಣ ಅಂದ: "ಇದೊಂದು ಹೌಸು ತೀರಿಸ್ಕೊಂಡು ಬಾ. ಬಂದ ಮ್ಯಾಲೆ ಕುಣಿ ಮುಚ್ಚಿಸಿಬಿಡೂನು."

ವಿಮಾನದಲ್ಲಿ ವೈನಿ ಬೆಲ್ಟು ಬಿಗಿದುಕೊಂಡ ಮೇಲೆ ನನ್ನ ಕಿವಿಗೆ ಬಾಯಿಟ್ಟು ಹೇಳಿದಳು: "ಅಲ್ಲಿ ಚಂದಂಗ ನೇದು ತೋರ್ಸಿ, ನಾಕು ಮಂದಿ ಶಬಾಸ್ ಅಂದ್ರ, ನಿಮ್ಮಣ್ಣಗ ಕುಣಿ ಮುಚ್ಚಾಕ ಮನಸು ಬರಾಂಗಿಲ್ಲ, ನೋಡಾಕತ್ತಿರು."

ಅದೊಂದೇ ಆಸೆಯ ಮೇಲೆ ಅರವತ್ತೈದರ ಆ ಹೆಂಗಸು ಸಮುದ್ರ ದಾಟಿದಳು.

ಬಸ್ಸಿನಲ್ಲಿ

ಮೊದಲ ವಾರ ಚೆನ್ನಾಗಿಯೇ ಹೋಯಿತು. ಅಲ್ಲಿ ನೆಲ ಅಗೆಯಲು ಯಾರು ಬಿಡುತ್ತಾರೆ? ಎತ್ತರದ ಮರದ ಮಗ್ಗ, ಕೂರಲು ಉದ್ದನೆಯ ಬೆಂಚು. ವೈನಿ ಎರಡು ದಿನ ಗೊಣಗಿ ಮೂರನೆಯ ದಿನ ಹೊಂದಿಕೊಂಡಳು. ಕೆಲಸ ಊರಿಗಿಂತ ನಿಧಾನ ಅನಿಸಿತು. ಹೊಸ ಮಗ್ಗ ಅಲ್ಲವೇ ಅಂದುಕೊಂಡೆ.

ಶನಿವಾರ ರಜೆ. ವಸ್ತುಸಂಗ್ರಹಾಲಯದಲ್ಲಿ ನಮ್ಮ ಉಸ್ತುವಾರಿ ನೋಡುತ್ತಿದ್ದ ಮಿನ್‌ಜಿ ಎಂಬ ಹುಡುಗಿ, "ಎಲೆ ಬಣ್ಣ ತಿರುಗಿದೆ, ಗುಡ್ಡಕ್ಕೆ ಹೋಗೋಣ" ಎಂದಳು. ಅವರಲ್ಲಿ ಅದೊಂದು ಹಬ್ಬವೇ. ಚಳಿಗಾಲಕ್ಕೆ ಮುಂಚೆ ಊರಿಗೆ ಊರೇ ಎದ್ದು ಕಾಡಿನ ಗುಡ್ಡಗಳಿಗೆ ನಡೆಯುತ್ತದೆ. ಅಷ್ಟು ದೊಡ್ಡ ನಗರ, ಆದರೆ ಸಿಟಿ ಬಸ್ಸು ಹತ್ತಿ ಗುಡ್ಡದ ಬುಡಕ್ಕೆ ಇಳಿಯಬಹುದು. ಗದಗಿನಿಂದ ಕಪ್ಪತಗುಡ್ಡಕ್ಕೆ ಹೋಗಬೇಕೆಂದರೆ ನಾವು ಹಿಂದಿನ ದಿನದಿಂದ ಗಾಡಿ ಹುಡುಕುತ್ತೇವೆ.

ಬಸ್ಸಿನಲ್ಲಿದ್ದವರನ್ನು ನೋಡಿ ನಾನು ಗಾಬರಿಯಾದೆ. ಎಲ್ಲರೂ ಅರವತ್ತು ಎಪ್ಪತ್ತು ದಾಟಿದವರು. ಕಾಲಲ್ಲಿ ದಪ್ಪ ಬೂಟು, ಎರಡೂ ಕೈಯಲ್ಲಿ ಊರುಗೋಲು, ಬೆನ್ನಿಗೆ ಚೀಲ, ಮುಖ ಮುಚ್ಚುವ ಟೊಪ್ಪಿಗೆ, ಮೈಮೇಲೆ ಗುಲಾಬಿ, ಕಿತ್ತಳೆ ಬಣ್ಣದ ಅಂಗಿ. ಹಿಮಾಲಯಕ್ಕೇ ಹೊರಟಂತೆ ಇದ್ದರು. ನಾವಿಬ್ಬರು ಇಳಕಲ್ ಸೀರೆ, ಮೊಣಕಾಲವರೆಗೆ ಸ್ವೆಟರು, ತಲೆಗೆ ಮಂಕಿ ಕ್ಯಾಪು, ಗದಗಿನಲ್ಲಿ ಹೊಸದಾಗಿ ಕೊಂಡ ಬಿಳಿ ಕ್ಯಾನ್ವಾಸ್ ಬೂಟು.

"ಎಷ್ಟು ಎತ್ತರ ಐತಂತ ಕೇಳು," ಅಂದಳು ವೈನಿ.

ಕೇಳಿದೆ. ಒಂದೂವರೆ ತಾಸಿನ ಗುಡ್ಡ ಎಂದಳು ಮಿನ್‌ಜಿ.

"ಅಯ್ಯ! ಇಷ್ಟಕ್ಕ ಇಷ್ಟು ಸಂಭ್ರಮೇನು? ನಾವು ಕಟ್ಟಿಗಿ ತರಾಕ ಅಷ್ಟು ದೂರ ಹೋಗ್ತಿದ್ವಿ." ವೈನಿಯ ತವರು ಕಪ್ಪತಗುಡ್ಡದ ಬುಡದ ಮುಂಡರಗಿ ಕಡೆ. ಗುಡ್ಡ ಅಂದರೆ ಅವಳಿಗೆ ಸ್ವಂತದ್ದು.

ಪಕ್ಕದಲ್ಲಿದ್ದ ಹೆಂಗಸು ಮಿನ್‌ಜಿಯ ಮೂಲಕ ನಮ್ಮ ವಯಸ್ಸು ಕೇಳಿದಳು. ನಮ್ಮ ಬಸ್ಸುಗಳಲ್ಲಿ ಊರು ಯಾವುದು, ಯಾರ ಪೈಕಿ ಎಂದು ಮೊದಲು ವಿಚಾರಿಸುತ್ತಾರೆ. ಇಲ್ಲಿ ವಯಸ್ಸು. ವಯಸ್ಸು ತಿಳಿದರೆ ಅಕ್ಕ ಅನ್ನಬೇಕೋ ತಂಗಿ ಅನ್ನಬೇಕೋ ಗೊತ್ತಾಗುತ್ತದಂತೆ. ವೈನಿಗೆ ಇದು ಬಹಳ ಸರಿ ಕಂಡಿತು. ಆ ಹೆಂಗಸು ಅವಳಿಗೆ ಒಂದು ಮಿಠಾಯಿ ಕೊಟ್ಟಳು. ನಾನು ತಡೆಯುವಷ್ಟರಲ್ಲಿ ಅದು ಬಾಯೊಳಗೆ ಹೋಗಿತ್ತು. ವೈನಿಗೆ ಸಕ್ಕರೆ ಕಾಯಿಲೆ ಇದೆ. ದಿನವೂ ಗುಳಿಗೆ ನುಂಗುತ್ತಾಳೆ, ಹೋಳಿಗೆ ಸಿಕ್ಕರೆ ಅದನ್ನೂ ನುಂಗುತ್ತಾಳೆ.

"ಪರದೇಶದಾಗ ಕೊಟ್ಟಿದ್ದು ಒಲ್ಲೆ ಅನ್ನಬಾರದು," ಎಂದು ನನಗೇ ಬುದ್ಧಿ ಹೇಳಿದಳು.

ಗುಡ್ಡದ ಬುಡ

ಬಸ್ಸಿನಿಂದ ಇಳಿದ ಜಾಗದಲ್ಲಿ ಹಳದಿ ಎಲೆಯ ಮರಗಳ ಸಾಲು. ಅದರ ಹಣ್ಣು ರಸ್ತೆಯ ಮೇಲೆ ಬಿದ್ದು ಒಡೆದು ಹೇಲಿನ ವಾಸನೆ. ಅಷ್ಟು ಚೆಂದದ ಮರ ಅಂಥ ಹಣ್ಣು ಯಾಕೆ ಬಿಡುತ್ತದೋ! ಮೂಗು ಮುಚ್ಚಿಕೊಂಡು ತಲೆ ಎತ್ತಿದರೆ ಗುಡ್ಡವೆಲ್ಲ ಕೆಂಪು, ಅರಿಶಿನ, ಕಂದು. ಬಣ್ಣ ಹಾಕಿದ ನೂಲಿನ ಲಡಿಗಳನ್ನು ಒಣಗಲು ಹರವಿದ ಹಾಗಿತ್ತು. ವೈನಿ ಒಂದೊಂದೇ ಬಣ್ಣ ನೋಡುತ್ತ ಬಂದಳು. ಆಮೇಲೆ, "ಈ ಕೆಂಪು ನಮ್ಮ ಬಣ್ಣದಾಂವಗ ಹಾಕಾಕ ಬರೂದಿಲ್ಲ," ಎಂದಳು.

ಅಲ್ಲಿ ಒಂದು ಸಣ್ಣ ಬೌದ್ಧ ಗುಡಿ ಇತ್ತು. ಗುಡಿಯ ಪಕ್ಕದಲ್ಲಿ ದಾರಿ ಏರತೊಡಗುವ ಕಡೆ ಒಂದು ಕಪಾಟು. ಅದರಲ್ಲಿ ಐವತ್ತು ಅರವತ್ತು ಜೋಡಿ ಬೂಟು, ಚಪ್ಪಲಿ ಸಾಲಾಗಿ ಇಟ್ಟಿದ್ದರು. ಅದರಾಚೆ ಕೆಂಪು ಮಣ್ಣಿನ ನುಣುಪಾದ ದಾರಿಯಲ್ಲಿ ಗಂಡಸರು ಹೆಂಗಸರು ಪ್ಯಾಂಟು ಮೇಲೆ ಮಡಚಿ, ಬರಿಗಾಲಲ್ಲಿ, ಭಕ್ತಿಯಿಂದ ಎಂಬಂತೆ ನಿಧಾನವಾಗಿ ನಡೆಯುತ್ತಿದ್ದರು.

ವೈನಿ ನನ್ನ ಮೊಣಕೈ ಹಿಡಿದಳು. "ನೋಡಿದೇನು? ದೇವರ ಗುಡ್ಡ. ಇಲ್ಲೂ ನಮ್ಮಂಗ ಬುಡದಾಗ ಚಪ್ಪಲಿ ಬಿಡ್ತಾರ." ಅವಳ ತವರಿನ ಹೆಣ್ಣುಮಕ್ಕಳು ಮಲ್ಲಯ್ಯನಿಗೆ ಹರಕೆ ಹೊತ್ತರೆ ಗುಡ್ಡವನ್ನು ಬರಿಗಾಲಲ್ಲೇ ಹತ್ತುತ್ತಾರೆ.

"ವೈನಿ, ಬಸ್ಸಿನಾಗಿನ ಅಷ್ಟೂ ಮಂದಿ ಬೂಟ ಹಾಕ್ಕೊಂಡು ಮ್ಯಾಲ ಹೊಂಟಾರ, ನೋಡಿಲ್ಲಿ."

"ಅವ್ರು ಬಿಡಲಿಲ್ಲಂದ್ರ ಅವ್ರ ಪಾಡು. ಬಿಟ್ಟಾವ್ರೂ ಅದಾರಲ್ಲ? ದೊಡ್ಡ ಮಾಸ್ತರಬಾಯಿ, ಪರಊರಿನ ದೇವರಿಗೆ ಮರ್ಯಾದಿ ಕೊಡಾಕ ನಿನಗೇನು ಧಾಡಿ?"

ಕೂತು ಬೂಟು ಬಿಚ್ಚಿಯೇ ಬಿಟ್ಟಳು. ನಾನು ಅವಳ ಮುಂದೆ ಬೂಟು ಹಾಕಿಕೊಂಡು ಹೇಗೆ ನಡೆಯಲಿ? ಬಾಯಲ್ಲಿ ಬೈಯುತ್ತ ನಾನೂ ಬಿಚ್ಚಿದೆ. ಶೌಚಾಲಯಕ್ಕೆ ಹೋಗಿದ್ದ ಮಿನ್‌ಜಿ ಬಂದು ನಮ್ಮ ಕಾಲು ನೋಡಿದಳು. ಏನೋ ಹೇಳಲು ಬಾಯಿ ತೆರೆದು, ಮುಚ್ಚಿದಳು. ಆಮೇಲೆ ತಲೆ ಸ್ವಲ್ಪ ಬಾಗಿಸಿ, ತನ್ನ ದುಬಾರಿ ಬೂಟು ಬಿಚ್ಚಿ, ಒಳಗೆ ಕಾಲುಚೀಲ ಮಡಚಿಟ್ಟು, ನಮ್ಮ ಬೂಟುಗಳ ಪಕ್ಕ ಜೋಡಿಸಿದಳು.

"ಈಗೇನಂತಿ?" ಅಂದಳು ವೈನಿ. ನಾನು ಸೋತೆ.

ಏರು

ಕೆಂಪು ಮಣ್ಣು ತಣ್ಣಗಿತ್ತು, ಮೃದುವಾಗಿತ್ತು, ಇನ್ನೂರು ಹೆಜ್ಜೆಗೆ ಮುಗಿದೂ ಹೋಯಿತು. ಬರಿಗಾಲಿನವರೆಲ್ಲ ಅಲ್ಲಿಂದ ತಿರುಗಿ ಕೆಳಗೆ ಹೋಗುತ್ತಿದ್ದರು. ಮುಂದೆ ಹರಳು, ಬೇರು, ಕಲ್ಲಿನ ಮೆಟ್ಟಿಲು. ಅವರು ಯಾಕೆ ತಿರುಗಿದರು ಎಂದು ಯೋಚಿಸುವ ಬುದ್ಧಿ ನನಗೆ ಬರಲಿಲ್ಲ. ಅರ್ಧ ಹರಕೆಯವರು ಇರಬೇಕು ಅಂದುಕೊಂಡೆ.

ನೂರು ಮೆಟ್ಟಿಲಿಗೆ ನನ್ನ ಕಾಲು ಮರಗಟ್ಟಿತು. ಒಂದೊಂದು ಹರಳಿಗೂ "ಯಪ್ಪಾ" ಎನ್ನುತ್ತಿದ್ದೆ. ಮಿನ್‌ಜಿಯ ಗತಿ ನನಗಿಂತ ಕೆಟ್ಟದ್ದು. ಹುಟ್ಟಿದಾಗಿನಿಂದ ಕಾಲುಚೀಲದಲ್ಲೇ ಬೆಳೆದ ಕಾಲು ಅವಳದು. ಬಿಸಿ ಹೆಂಚಿನ ಮೇಲೆ ನಿಂತವಳ ಹಾಗೆ ಕುಣಿಯುತ್ತ ಬಂದಳು, ಆದರೆ ಮುಖದ ಮೇಲಿನ ನಗು ಬಿಡಲಿಲ್ಲ. ನಾನು ಕೇಳಿದಾಗಲೆಲ್ಲ "ಚೆನ್ನಾಗಿದೆ, ಚೆನ್ನಾಗಿದೆ" ಅನ್ನುವಳು. ಪಾಪ.

ವೈನಿ ಮಾತ್ರ ಸೆರಗು ಸೊಂಟಕ್ಕೆ ಸಿಕ್ಕಿಸಿ ಸರಸರ ಮುಂದೆ. ಒಂದು ಕಲ್ಲಿಗೂ ತಡೆಯಲಿಲ್ಲ, ಒಂದು ಸಲವೂ ಉಸ್ಸೆನ್ನಲಿಲ್ಲ. ಬೂಟು ಹಾಕಿ ಕೋಲು ಹಿಡಿದು ಏದುಸಿರು ಬಿಡುತ್ತಿದ್ದವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಒಬ್ಬ ಮುದುಕ ಚಪ್ಪಾಳೆ ತಟ್ಟಿದ. ನನಗೆ ಹೆಮ್ಮೆಯೋ ಹೆಮ್ಮೆ. "ಅವಳು ನೇಕಾರಳು. ನಲವತ್ತೈದು ವರ್ಷ ಬರಿಗಾಲಲ್ಲಿ ಹಲಗೆ ತುಳಿದ ಕಾಲು ಅದು," ಎಂದು ಮಿನ್‌ಜಿಗೆ ಹೇಳಿದೆ. ಅವಳು ಅದನ್ನು ಹಿಂದೆ ಬರುವವರಿಗೆಲ್ಲ ಹೇಳಿದಳು. ಗುಡ್ಡದ ಉದ್ದಕ್ಕೂ ಸುದ್ದಿ ಹಬ್ಬಿತು.

ದಾರಿಯಲ್ಲಿ ಒಂದು ಫಜೀತಿಯೂ ಆಯಿತು. ಮರದ ಕೆಳಗೆ ಟೊಪ್ಪಿಗೆ ಹಾಕಿಕೊಂಡ ಹಾಗಿರುವ ಸಣ್ಣ ಕಾಯಿಗಳು ಬಿದ್ದಿದ್ದವು. ಓಣಿಯ ಹುಡುಗರಿಗೆ ಆಡಲು ಆದೀತು ಎಂದು ವೈನಿ ಉಡಿ ತುಂಬ ಆರಿಸಿಕೊಂಡಳು. ಹಸಿರು ಜಾಕೀಟಿನ ಒಬ್ಬ ಹಿರಿಯರು ಓಡಿ ಬಂದು, ನಾಲ್ಕು ಸಲ ಬಾಗಿ, ಏನೋ ಬೇಡಿಕೊಂಡರು.

"ಕಾಯಿ ಒಯ್ಯಬಾರದಂತೆ. ಚಳಿಗಾಲಕ್ಕೆ ಅಳಿಲಿಗೆ ಬೇಕಂತೆ," ಎಂದು ಮಿನ್‌ಜಿ ಹೇಳಿದ್ದನ್ನು ನಾನು ಅನುವಾದ ಮಾಡಿದೆ.

ವೈನಿ ನನ್ನನ್ನು, ಅವರನ್ನು ನೋಡಿದಳು. "ಅಳಿಲಿಗೇನು? ಇಷ್ಟು ದೊಡ್ಡ ಮನಶ್ಯಾ ಅಳಿಲಿನ ಸಲುವಾಗಿ ನನಗ ಕೈ ಮುಗಿತಾನೇನು?" ಎಂದು ಉಡಿ ಕೊಡವಿದಳು. ಆಮೇಲೆ ಬಹಳ ಹೊತ್ತು ಅದನ್ನೇ ಹೇಳಿಕೊಂಡು ನಡೆದಳು. ಶೇಂಗಾ ಹೊಲಕ್ಕೆ ಅಳಿಲು ಬಂದರೆ ನಮ್ಮವರು ಡಬ್ಬಿ ಬಡಿಯುತ್ತಾರೆ. ಇಲ್ಲಿ ಅದಕ್ಕೂ ಒಬ್ಬ ವಕೀಲ.

ಮಂಟಪ

ತುದಿಗೆ ಇನ್ನೂ ಸ್ವಲ್ಪ ದೂರವಿರುವಾಗ ಮರದ ಒಂದು ಮಂಟಪ ಸಿಕ್ಕಿತು. ಇನ್ನು ಒಂದು ಹೆಜ್ಜೆಯೂ ಸಾಧ್ಯವಿಲ್ಲ ಎಂದು ನಾನು ಧೊಪ್ಪನೆ ಕೂತೆ. ಅಲ್ಲಿ ಒಬ್ಬ ಮುದುಕಿ ಒಬ್ಬಳೇ ಬುತ್ತಿ ಬಿಚ್ಚಿಕೊಂಡು ಕೂತಿದ್ದಳು. ಕತ್ತರಿಸಿದ ಕೂದಲು, ನೇರ ಬೆನ್ನು. ಗುರುತು ಪರಿಚಯ ಇಲ್ಲದಿದ್ದರೂ ಸವತೆಕಾಯಿ ಹೆಚ್ಚಿ ನಮ್ಮ ಮುಂದೆ ಚಾಚಿದಳು. ವೈನಿ ಬಿಡುತ್ತಾಳೆಯೇ? ಕಟಿ ರೊಟ್ಟಿ, ಗುರೆಳ್ಳು ಚಟ್ನಿ ಬಿಚ್ಚಿ ಅವಳ ಡಬ್ಬಿಗೇ ಸುರಿದಳು. ಮುದುಕಿ ರೊಟ್ಟಿ ಮುರಿದು, ಚಟ್ನಿ ಹಚ್ಚಿ ತಿಂದು, ಕಣ್ಣು ಮುಚ್ಚಿ ತಲೆ ಆಡಿಸಿದಳು.

"ಈಕೀಗೂ ನಮ್ಮ ಖಾರ ಹತ್ತೂದಿಲ್ಲ ನೋಡು," ಎಂದು ವೈನಿಗೆ ಖುಷಿ.

ಆಗ ಮುದುಕಿ ತಿನ್ನುವುದನ್ನು ನಿಲ್ಲಿಸಿದಳು. ವೈನಿ ಹತ್ತಿ ಬಂದ ಮೆಟ್ಟಿಲಿನ ಕಡೆ ಬೆರಳು ತೋರಿಸಿದಳು. ಬೂದು ಕಲ್ಲಿನ ಮೇಲೆ ಕೆಂಪು ಎಲೆ ಬಿದ್ದಿದೆ ಅಂದುಕೊಂಡೆ. ಎಲೆ ಅಲ್ಲ. ಒಂದು ಮೆಟ್ಟಿಲು ಬಿಟ್ಟು ಕೆಳಗೆ ಇನ್ನೊಂದು, ಮತ್ತೊಂದು ಬಿಟ್ಟು ಇನ್ನೊಂದು. ಎಲ್ಲವೂ ಬಲಗಾಲಿನ ಹೆಜ್ಜೆ.

"ವೈನಿ, ಕಾಲು ತೋರ್ಸು!"

"ಏನಾಗೇತಿ?" ಎಂದು ವೈನಿ ರೊಟ್ಟಿ ಮುರಿಯುತ್ತಲೇ ಇದ್ದಳು.

ಕಾಲು ಎತ್ತಿ ನೋಡಿದೆ. ಅಂಗಾಲಿನ ನಡುವೆ ಚೂಪಾದ ಕಲ್ಲಿನ ಚೂರೊಂದು ನೆಟ್ಟಿತ್ತು. ಸುತ್ತ ರಕ್ತ, ಮಣ್ಣು. ನೋಡಿದ ನನಗೆ ತಲೆ ತಿರುಗಿತು. ಕಾಲಿನ ಒಡತಿಗೆ ಖಬರೇ ಇಲ್ಲ.

ಮುದುಕಿ ನನ್ನನ್ನು ಪಕ್ಕಕ್ಕೆ ಸರಿಸಿದಳು. ಮೂವತ್ತು ವರ್ಷಕ್ಕೂ ಮೇಲೆ ದವಾಖಾನೆಯಲ್ಲಿ ನರ್ಸ್ ಆಗಿದ್ದವಳಂತೆ, ಮಿನ್‌ಜಿ ಹೇಳಿದಳು. ಬಾಟಲಿ ನೀರಲ್ಲಿ ಕಾಲು ತೊಳೆದು, ಚೂರು ತೆಗೆದು, ಚೀಲದಲ್ಲಿದ್ದ ಬಟ್ಟೆ ಒತ್ತಿದಳು. ವೈನಿ ಅವಳ ಕೈ ತಳ್ಳಲು ನೋಡಿದಳು. "ನನಗಿಂತ ಹಿರೇಳು, ಕಾಲು ಮುಟ್ಟಬ್ಯಾಡ ಅಂತ ಹೇಳು ಆಕಿಗೆ!" ಮುದುಕಿ ಕೇಳಲಿಲ್ಲ. ಒಂದು ಪೆನ್ನು ತೆಗೆದು, ಕಣ್ಣು ಮುಚ್ಚಿಕೋ, ಎಲ್ಲಿ ಮುಟ್ಟಿದೆ ಹೇಳು ಎಂದಳು. ಮಿನ್‌ಜಿ ನನಗೆ, ನಾನು ವೈನಿಗೆ.

ಎಡಗಾಲು ಮುಟ್ಟಿದಳು.

"ಹೆಬ್ಬೆರಳು," ಅಂದಳು ವೈನಿ. ಸರಿಯಾಗಿತ್ತು.

ಬಲಗಾಲಿನ ಹಿಮ್ಮಡಿ ಮುಟ್ಟಿದಳು. ವೈನಿ ಸ್ವಲ್ಪ ತಡೆದು, "ಕಿರಿಬೆರಳು," ಅಂದಳು. ಕಿರಿಬೆರಳು ಮುಟ್ಟಿದಳು. "ಹೆಬ್ಬೆರಳು. ಅಲ್ಲಲ್ಲ, ಹಿಮ್ಮಡಿ." ಮುದುಕಿ ಪೆನ್ನು ಎತ್ತಿ ಎಲ್ಲೂ ಮುಟ್ಟದೆ ಕೂತಳು. "ಈಗ ನಡುವ ಮುಟ್ಟಿದ್ಲು," ಅಂದಳು ವೈನಿ.

ಇಪ್ಪತ್ತಾರು ವರ್ಷ ಮಕ್ಕಳ ಸುಳ್ಳು ಹಿಡಿದವಳು ನಾನು. ಪಾಠ ಬಾರದ ಹುಡುಗಿ ಅಂದಾಜಿನ ಮೇಲೆ ಉತ್ತರ ಹೇಳುವ ದನಿ ಚೆನ್ನಾಗಿ ಗೊತ್ತು. ಇವಳಿಗೆ ಕಾಲು ಸತ್ತಿರುವುದು ಇವತ್ತು ತಿಳಿದದ್ದಲ್ಲ. ಮೊದಲೇ ಗೊತ್ತಿತ್ತು.

"ಎಂದಿನಿಂದ?" ಎಂದು ಕೇಳಿದೆ.

ವೈನಿ ಕಣ್ಣು ತೆರೆಯಲೇ ಇಲ್ಲ.

ಇಳಿಜಾರು

ಬರಿಗಾಲಲ್ಲಿ ಯಾಕೆ ಬಂದಿರಿ ಎಂದು ಮುದುಕಿ ಕೇಳಿದಳು. ಇಲ್ಲಿಯ ಪದ್ಧತಿ ಅಂತ, ಎಂದೆ ನಾನು. ಭಾರತದ ಪದ್ಧತಿ ಅಂತ, ಎಂದಳು ಮಿನ್‌ಜಿ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು.

ಮುದುಕಿ ಬಿದ್ದು ಬಿದ್ದು ನಕ್ಕಳು. ಅವರಲ್ಲಿ ಈಚೆಗೆ ಮಣ್ಣಿನ ಮೇಲೆ ಬರಿಗಾಲಲ್ಲಿ ನಡೆದರೆ ಆರೋಗ್ಯಕ್ಕೆ ಒಳ್ಳೆಯದು ಎಂಬ ಹುಚ್ಚು ಹಬ್ಬಿದೆಯಂತೆ. ಅದಕ್ಕೇ ಬುಡದಲ್ಲಿ ಮೆತ್ತಗಿನ ಮಣ್ಣು ಹಾಸಿ, ಕಪಾಟು ಇಟ್ಟು, ಕಾಲು ತೊಳೆಯಲು ನಲ್ಲಿ ಹಾಕಿದ್ದಾರೆ. ಅವರು ಅಷ್ಟರಲ್ಲೇ ಸುತ್ತಿ ಮನೆಗೆ ಹೋಗುತ್ತಾರೆ. ದೇವರಿಗೂ ಅದಕ್ಕೂ ಸಂಬಂಧವೇ ಇಲ್ಲ. ನಮಗೆ ಅವಮಾನ ಆಗಬಾರದೆಂದು ಮಿನ್‌ಜಿ ಸುಮ್ಮನಿದ್ದಳು, ಅವರ ದೇವರಿಗೆ ಅವಮಾನ ಆಗಬಾರದೆಂದು ನಾವು ಬೂಟು ಬಿಚ್ಚಿದೆವು. ಮರ್ಯಾದೆಗೆ ಬಿದ್ದು ಮೂವರೂ ಕಾಲು ಹಾಳು ಮಾಡಿಕೊಂಡಿದ್ದೆವು. ಬೇರೆ ದಿನವಾಗಿದ್ದರೆ ನಾನೂ ನಗುತ್ತಿದ್ದೆ.

ಮುದುಕಿ ತನ್ನ ಉಣ್ಣೆ ಕಾಲುಚೀಲ, ಬೂಟು ಬಿಚ್ಚಿ ವೈನಿಗೆ ಹಾಕಿದಳು. ಒಂದೇ ಅಳತೆ. ತಾನು ಬರಿಗಾಲಲ್ಲಿ ನಿಂತು, "ಒಳ್ಳೆಯದೇ ಆಯಿತು, ನನಗೂ ಆರೋಗ್ಯ ಬರಲಿ," ಎಂದಳಂತೆ. ಎಪ್ಪತ್ತೆರಡರ ಆ ತಾಯಿ ಒಂದು ತೋಳು ಹಿಡಿದಳು, ನಾನು ಇನ್ನೊಂದು. ಬೂಟು ಹಾಕಿದವರ ನಡುವೆ ನಾವು ಮೂರು ಜನ ಬರಿಗಾಲಿನವರು ಒಬ್ಬ ಬೂಟಿನವಳನ್ನು ಇಳಿಸಿಕೊಂಡು ಬಂದೆವು.

ಕೆಳಗಿನ ನಲ್ಲಿಯಲ್ಲಿ ಕಾಲು ತೊಳೆದು, ವೈನಿಯ ಬೂಟು ಅವಳಿಗೆ ಹಾಕಿಸಿ, ಮುದುಕಿ ತನ್ನದು ಹಾಕಿಕೊಂಡಳು. ದವಾಖಾನೆಯವರೆಗೂ ಬಂದಳು. ಅಲ್ಲಿಯ ಡಾಕ್ಟರು ಗಾಯ ತೊಳೆದು ಎಕ್ಸ್‌ರೇ ತೆಗೆಸಿದರು. ಸಕ್ಕರೆ ಕಾಯಿಲೆ ಆ ಕಾಲಿನ ನರ ತಿಂದಿದೆ, ಇವತ್ತೇ ಕಂಡದ್ದು ಪುಣ್ಯ, ನಾಲ್ಕು ದಿನ ಬಿಟ್ಟಿದ್ದರೆ ಒಳಗೇ ಕೊಳೆತು ಪಾದಕ್ಕೇ ಬರುತ್ತಿತ್ತು ಎಂದರು. ಎರಡು ವಾರ ಆ ಕಾಲಿನ ಮೇಲೆ ಭಾರ ಬೀಳಬಾರದು. ಇನ್ನು ಬದುಕಿರುವಷ್ಟು ದಿನ ಬರಿಗಾಲಲ್ಲಿ ಏನನ್ನೂ ತುಳಿಯಬಾರದು.

ಕೊನೆಯ ಮಾತನ್ನು ಅನುವಾದ ಮಾಡಲು ನನಗೆ ಬಾಯಿ ಬರಲಿಲ್ಲ. ವೈನಿ ನನ್ನ ಮುಖ ನೋಡಿಯೇ ತಿಳಿದುಕೊಂಡಳು.

ಭಾನುವಾರ

ನಮಗೆ ಕೊಟ್ಟಿದ್ದ ಕೋಣೆಯಲ್ಲಿ ನೆಲವೇ ಬೆಚ್ಚಗಿರುತ್ತದೆ. ವೈನಿಗೆ ಅದು ಬಹಳ ಇಷ್ಟ. ಆ ದಿನ ನಾನು ಅವಳ ಬಲಗಾಲನ್ನು ದಿಂಬಿನ ಮೇಲಿಟ್ಟೆ. ಸುಟ್ಟರೂ ತಿಳಿಯದ ಕಾಲನ್ನು ನೆಲಕ್ಕೆ ತಾಗಿಸಲು ಧೈರ್ಯ ಆಗಲಿಲ್ಲ. ಆಮೇಲೆ ಬಾಯಿಗೆ ಬಂದಂತೆ ಬೈದೆ. ಸುಳ್ಳಿ ಅಂದೆ, ಮೊಂಡಿ ಅಂದೆ, ನಿನ್ನ ಕಾಲು ಕಡೀಬೇಕಾಗಿ ಬಂದಿದ್ರ ಅಣ್ಣಗ ನಾ ಏನ್ ಮಾರಿ ತೋರಿಸ್ತಿದ್ದೆ ಅಂದೆ.

ವೈನಿ ಎಲ್ಲ ಮುಗಿಯುವವರೆಗೆ ಕಾದಳು.

"ಯುಗಾದಿ ಆದ ಮ್ಯಾಲೆ ಸುರು ಆತು," ಅಂದಳು. "ಮೊದಲ ಇರಿವಿ ಹರದಾಡಿದಂಗ ಆಗ್ತಿತ್ತು. ಆಮ್ಯಾಲೆ ಅದೂ ಇಲ್ಲ. ಕುಣ್ಯಾಗ ಕಾಲಿಟ್ರ ಹಲಗಿ ಐತೋ ಇಲ್ಲೋ ಗೊತ್ತಾಗೂದಿಲ್ಲ."

"ಮತ್ತ ಹೆಂಗ ನೇಯ್ತಿದ್ದಿ?"

"ಎಳಿ ನೋಡ್ಕೊಂಡು. ಎಳಿ ಬಾಯಿ ಬಿಟ್ರ, ಹಾಂ, ಕಾಲು ತುಳದೈತಿ. ಬಿಡಲಿಲ್ಲ, ತುಳದಿಲ್ಲ. ಇನ್ನೊಮ್ಮಿ ಒತ್ತೂದು."

"ಹಿಂಗ ಎಷ್ಟು ಸೀರಿ ನೇದಿ?"

"ಆರು."

ಅವಳೇ ಮುಂದುವರಿಸಿದಳು. "ನಿನಗ ಹೇಳಿದ್ರ ನೀ ಅಣ್ಣಗ ಹೇಳ್ತಿದ್ದಿ. ನಿಮ್ಮಣ್ಣ ಮರುದಿನಾನ ಒಂದು ಟ್ರ್ಯಾಕ್ಟರ್ ಮಣ್ಣು ತಂದು ಸುರೀತಿದ್ದ. ಹೌದಿಲ್ಲೋ?"

ಹೌದು. ಖರೆಯೇ.

"ಮದವಿ ಆಗಿ ಬಂದ ಮೂರನೇ ದಿನಕ್ಕ ನಿಮ್ಮವ್ವ ನನ್ನ ಆ ಕುಣ್ಯಾಗ ಇಳಿಸಿದ್ರು. ಅದನ್ನ ಮುಚ್ಚಿದ ಮ್ಯಾಲೆ ಮುಂಜಾನಿ ಎದ್ದು ನಾ ಎಲ್ಲಿ ಹೋಗ್ಲಿ, ನೀನ ಹೇಳು ಸರೋಜಾ."

ನೇಕಾರರ ಮನೆಯಲ್ಲಿ ಹುಟ್ಟಿಯೂ ಮಗ್ಗದ ಮೇಲೆ ಕೂರದವಳು ನಾನೊಬ್ಬಳೇ. ಅಪ್ಪ ತೀರಿಕೊಂಡಾಗ ನಾನು ಶಿಕ್ಷಕರ ತರಬೇತಿಗೆ ಸೇರಿದ್ದೆ, ಬಿಟ್ಟು ಬಾ ಎಂದಿದ್ದ ಅಣ್ಣ. ಆಕಿ ಓದಲಿ, ಆಕಿ ಪಾಲಿನ ಹಲಗಿ ನಾನ ತುಳೀತೀನಿ ಎಂದು ಅಡ್ಡ ನಿಂತವಳು ವೈನಿ. ನಾನು ಕುರ್ಚಿಯ ಮೇಲೆ ಕೂತು ಗಳಿಸಿದ್ದೆಲ್ಲ ಆ ಕಾಲಿನ ಪುಣ್ಯ. ಆ ಕಾಲು ಸಾಯುವಾಗ ನಾನು ಅದೇ ಮನೆಯಲ್ಲಿ ಚಹಾ ಕುಡಿಯುತ್ತ ಟಿವಿ ನೋಡುತ್ತಿದ್ದೆ. ಅವಳ ತೊಡೆಯ ಮೇಲೆ ತಲೆಯಿಟ್ಟು ಅತ್ತೆ.

"ಹೋಗ್ಲಿ ಬಿಡು, ಮ್ಯಾಲಿನ ಕಾಲು ಇನ್ನೂ ಗೊತ್ತಾಗತೈತಿ. ಸೀರಿ ತೋಯಾಕತ್ತೈತಿ, ಏಳು," ಎಂದಳು ವೈನಿ.

ಸೋಮವಾರ

ಇನ್ನೂ ಐದು ದಿನದ ಕೆಲಸ ಉಳಿದಿತ್ತು. ಬೇಕಿಲ್ಲ, ಮಗ್ಗ ಸುಮ್ಮನೆ ಇರಲಿ, ನೀವು ಕೂತು ಜನರ ಜೊತೆ ಮಾತಾಡಿದರೆ ಸಾಕು ಎಂದಳು ಮಿನ್‌ಜಿ. ಅವಳೂ ಕುಂಟುತ್ತಿದ್ದಳು, ಬೆರಳಿಗೆಲ್ಲ ಪಟ್ಟಿ. ವೈನಿ ಬೆಂಚಿನ ತುದಿಗೆ ಕೂತು, ಅರ್ಧಕ್ಕೆ ನಿಂತ ಬಟ್ಟೆಯ ಮೇಲೆ ಕೈಯಾಡಿಸುತ್ತ ತಲೆ ತಗ್ಗಿಸಿದ್ದಳು. ಆ ಮುಖ ನನಗೆ ನೋಡಲಾಗಲಿಲ್ಲ.

"ಸರಕೋ ಆಕಡಿ," ಎಂದೆ.

"ಯಾಕ?"

"ಎಡಕ್ಕ ಬೂಟು ಹಾಕ್ಕೊಂಡು ನೀ ತುಳಿ. ಬಲಕ್ಕ ನಾ ತುಳೀತೀನಿ."

ನನ್ನ ಬೂಟು ಬಿಚ್ಚಿ ಹಲಗೆಗೆ ಕಾಲಿಟ್ಟೆ. ತಣ್ಣಗಿತ್ತು. ವೈನಿ ನನ್ನನ್ನು ಒಂದು ಗಳಿಗೆ ದಿಟ್ಟಿಸಿ ನೋಡಿ ಲಾಳಿ ಕೈಗೆ ತೆಗೆದುಕೊಂಡಳು.

"ಹಾಂ. ತುಳಿ. ಬಿಡು. ಬಿಡು ಅಂದ್ರ ಬಿಡಬೇಕು! ಮತ್ತ ತುಳಿ. ಅಷ್ಟು ಜೋರಾಗಿ ಅಲ್ಲ, ಅದೇನು ಬಸ್ಸಿನ ಬ್ರೇಕ್ ಏನು?"

ಮೊದಲ ದಿನ ಒಂದು ಬೆರಳಿನಷ್ಟು ನೇಯ್ದೆವು. ಸಂಜೆ ಹೊತ್ತಿಗೆ ನನ್ನ ಮೀನಖಂಡ ಕಲ್ಲಾಗಿತ್ತು, ವೈನಿ ಮಾತ್ರ ಲವಲವಿಕೆಯಿಂದ ಬೈಯುತ್ತಲೇ ಇದ್ದಳು. ಬಂದವರು ಸುತ್ತ ನಿಂತು ಫೋಟೋ ತೆಗೆದರು. ಇಬ್ಬರು ಕೂತು ನೇಯುವುದು ಬೆಟಗೇರಿಯ ಪರಂಪರೆ ಎಂದು ಒಬ್ಬ ಕಾಲೇಜು ಹುಡುಗಿ ಪುಸ್ತಕದಲ್ಲಿ ಬರೆದುಕೊಂಡಳು. ನಾನು ತಿದ್ದಲಿಲ್ಲ.

ಬೆಟಗೇರಿ

ಊರಿಗೆ ಬಂದ ಮರುದಿನ ಅಣ್ಣನಿಗೆ ಎಲ್ಲ ಹೇಳಿದೆ. ವೈನಿ ತಡೆಯಲಿಲ್ಲ. ಅವನು ಹೆಂಡತಿಯ ಕಾಲನ್ನೇ ನೋಡುತ್ತ ಕೂತ. ಅವತ್ತು ಅಂಗಡಿ ತೆಗೆಯಲೇ ಇಲ್ಲ. ಗದಗಿನ ಡಾಕ್ಟರ ಹತ್ತಿರ ತಾನೇ ಕರೆದುಕೊಂಡು ಹೋದ. ಅವರೂ ಅದೇ ಹೇಳಿದರು. ಗಾಯ ಮಾಯುತ್ತದೆ, ಪಾದ ಉಳಿಯುತ್ತದೆ, ಹೋದ ಸ್ಪರ್ಶ ತಿರುಗಿ ಬರುವ ಭರವಸೆ ಇಲ್ಲ. ಮಗ್ಗ ಮುಟ್ಟಬೇಡಿ.

"ಆತಲ್ಲ ಇನ್ನ," ಅಂದ ಅಣ್ಣ ಮೆತ್ತಗೆ. "ಕುಣಿ ಮುಚ್ಚೂನು."

"ಬ್ಯಾಡ. ನಾ ಕುಂಡ್ರತೀನಿ," ಎಂದೆ.

"ಅರವತ್ತೊಂದಕ್ಕೇನು?"

"ಹೂಂ. ಅರವತ್ತೊಂದಕ್ಕ."

ಅಣ್ಣ ನಕ್ಕ. ಓಣಿಯವರೂ ನಕ್ಕರು. ಈಗ ದಿನಾ ಮುಂಜಾನೆ ನಾನು ಕುಣಿಗೆ ಕಾಲು ಇಳಿಬಿಡುತ್ತೇನೆ. ಕುಣಿಯಲ್ಲಿ ಇಬ್ಬರು ಹಿಡಿಸುವುದಿಲ್ಲ, ಹಾಗಾಗಿ ವೈನಿ ಬೂಟು ಹಾಕಿಕೊಂಡು ಪಕ್ಕದಲ್ಲಿ ಮಣೆಯ ಮೇಲೆ ಕೂರುತ್ತಾಳೆ. ಎಳೆ ಕಡಿದರೆ ಅವಳ ಕಣ್ಣಿಗೆ ನನಗಿಂತ ಮೊದಲು ಕಾಣುತ್ತದೆ. ಸಂಜೆ ಬಂದರೆ ನೇಯ್ದ ಭಾಗದ ಮೇಲೆ ಬೆರಳಾಡಿಸಿ ಒಂದೇ ಮಾತು: "ಬಿಚ್ಚು." ನಾನು ಶಾಲೆಯಲ್ಲಿ ಯಾವ ಹುಡುಗಿಗೂ ಅಷ್ಟು ಸಲ ಬರೆದದ್ದನ್ನು ಅಳಿಸು ಅಂದಿಲ್ಲ. ಒಂದು ತಿಂಗಳು ನೇಯ್ದದ್ದೆಲ್ಲ ಬಿಚ್ಚಿದ್ದೇನೆ.

ಮೊನ್ನೆ ಗುರುವಾರ ಒಂದು ಗೇಣು ನೇಯ್ದು ಕಾಯುತ್ತ ಕೂತೆ. ವೈನಿ ಬಗ್ಗಿ ನೋಡಿದಳು. ಬೆರಳಾಡಿಸಿದಳು. ಇನ್ನೊಮ್ಮೆ ದೀಪ ಹಿಡಿದು ನೋಡಿದಳು. ಆಮೇಲೆ "ಬಿಚ್ಚು" ಅನ್ನದೆ ಎದ್ದು, ಚಹಾ ಇಡಲು ಒಳಗೆ ಹೋದಳು.